ಮೌಲಾನನ್ನು ನಾನು ಸುಧಾರಿಸಿದ ಬಗೆ

ಒಬ್ಬ ಹುಡುಗನನ್ನು ದಾರಿಗೆ ತರುವುದು ಎಷ್ಟರ ಕೆಲಸ? ಬಿ.ಎ. ಓದುವಾಗ ಮನಶ್ಶಾಸ್ತ್ರ ನನ್ನ ವಿಷಯಗಳಲ್ಲಿ ಒಂದಾಗಿತ್ತು. ವಾಡಿಯ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದೆ. ಗುಲಬರ್ಗಾದಲ್ಲಿ ಮಾಡಿಸಿದ ದಪ್ಪ ಚೌಕಟ್ಟಿನ ಕನ್ನಡಕವೂ ಇತ್ತು. ಇಷ್ಟು ಸಾಮಗ್ರಿ ಧಾರಾಳವಾಯಿತೆಂದೇ ನಾನು ನಂಬಿದ್ದೆ.

ಹೀಗಾಗಿ ಊರಿನ ಒಂದು ಸಭೆಯಲ್ಲಿ, ದಾರಿ ತಪ್ಪಿದ ಯುವಕರನ್ನು ಜೇಲಿಗೆ ಕಳಿಸುವ ಬದಲು ಅವರ ಹೆಗಲ ಮೇಲೆ ಕೈಯಿಡಬೇಕೆಂದು ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಫೌಜದಾರರು ಮಾತ್ರ ತಟ್ಟಲಿಲ್ಲ. ಮರುದಿನ ನನ್ನನ್ನು ಠಾಣೆಗೆ ಕರೆಸಿ ಒಂದು ಹೆಗಲು ತೋರಿಸಿದರು.

ಆ ಹೆಗಲು ಹದಿನೆಂಟರ ಮೌಲಾನದು. ಸುಣ್ಣದ ಭಟ್ಟಿಗಳಿಗೆ ಕಲ್ಲಿದ್ದಲು ಪೂರೈಸುವ ಗುತ್ತಿಗೆದಾರನೊಬ್ಬನ ವ್ಯಾಗನ್ನುಗಳು ರೈಲುಹಳಿಯ ಪಕ್ಕದ ಸೈಡಿಂಗಿನಲ್ಲಿ ನಿಲ್ಲುತ್ತಿದ್ದವು. ಅವನ್ನು ಹತ್ತಿ ಕಲ್ಲಿದ್ದಲು ಕದ್ದು ಇಳಿಸುವಾಗ ಮೌಲಾ ಎರಡು ಸಲ ಸಿಕ್ಕಿಬಿದ್ದಿದ್ದ.

"ತಾಯಿ ಅಳ್ಲಿಕತ್ತಾಳಂತ ಇದೊಂದು ಸಲ ಬಿಟ್ಟೀನಿ," ಎಂದರು ಫೌಜದಾರರು. "ಇನ್ನೊಮ್ಮಿ ವ್ಯಾಗನ್ ಮ್ಯಾಲ ಕಂಡ ಅಂದ್ರ ಸೀದಾ ಚಿತ್ತಾಪುರ ಕೋರ್ಟು. ಅಲ್ಲಿಂದ ಜೇಲು. ಇಡ್ರಿ ಮಾಸ್ತರ್ ಈಗ, ಕೈ ಇಡ್ರಿ."

ಇಟ್ಟೆ. ಹೆಗಲು ಕಲ್ಲಿನಂತಿತ್ತು.

ಮನೆಯಲ್ಲಿ ಶಾಂತಾ ಈ ರಾಷ್ಟ್ರಸೇವೆಯನ್ನು ಕೇಳಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನಿಮ್ಮ ಸೈಕಲ್ ಕಳವಾದಾಗ ಕಳ್ಳ ನಿಮ್ಮ ಎದುರಿಗೇ ಒಯ್ದ. ಗಾಳಿ ಕಮ್ಮಿ ಅದ ಅಂತ ಪಂಪ್ ಸೈತ ಕೊಟ್ಟು ಕಳಿಸಿದ್ರಿ."

"ರಿಪೇರಿ ಅಂಗಡಿಯಂವ ಇರಬೇಕು ಅನ್ಕೊಂಡಿದ್ದೆ."

"ಅದಕ್ಕೇ ಅಂದೆ," ಎಂದು ಅವಳು ಮತ್ತೆ ರೊಟ್ಟಿ ಬಡಿದಳು.

ಆ ಮಾತು ನಾಟಿತು. ಈ ಸಲ ಯಾರನ್ನೂ ನಂಬುವುದಿಲ್ಲವೆಂದು ನಿರ್ಧರಿಸಿದೆ. ದಿನವೂ ಶಾಲೆ ಬಿಟ್ಟ ಮೇಲೆ ಮೌಲಾ ನಮ್ಮ ಪಡಸಾಲೆಗೆ ಬರಬೇಕು, ಚಹಾ ಕುಡಿಯಬೇಕು, ನನ್ನ ಪಾಠ ಕೇಳಬೇಕು. ಬಾಯಿಂದ ಅವನಿಗೆ ಸತ್ಯ, ಶ್ರದ್ಧೆ, ದುಡಿಮೆಗಳನ್ನು ಬೋಧಿಸುತ್ತ ಕಣ್ಣಿಂದ ಅವನನ್ನು ಕಾಯುತ್ತಿದ್ದೆ. ಅವನು ಗಡಿಯಾರ ನೋಡಿದರೆ ಸಂಶಯ ಬರುತ್ತಿತ್ತು. ನೋಡದಿದ್ದರೆ ಇನ್ನೂ ಹೆಚ್ಚು ಸಂಶಯ. ನಾನು ಏನೇ ಹೇಳಿದರೂ "ಹೌದ್ರಿ ಮಾಸ್ತರ್" ಎನ್ನುತ್ತಿದ್ದ. ನನ್ನ ಮಾತನ್ನು ಇಷ್ಟು ಸಲೀಸಾಗಿ ಒಪ್ಪುವವನ ಮನಸ್ಸಿನಲ್ಲಿ ಏನೋ ಇರಲೇಬೇಕು! ಅವನು ಹೋದ ಮೇಲೆ ಮೂಲೆಯಲ್ಲಿದ್ದ ಕೊಡೆಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಕೊನೆಗೆ ಪುರಾವೆ ಸಿಕ್ಕಿತು. ಪಾಠ ಮುಗಿದದ್ದೇ ಮೌಲಾ ನಮ್ಮ ಬೇವಿನ ಗಿಡದ ಹಿಂದಿನಿಂದ ಒಂದು ಚೀಲ ಎತ್ತಿಕೊಂಡು ಸೈಡಿಂಗಿನ ದಿಕ್ಕಿಗೆ ಓಡುತ್ತಿದ್ದ. ಚೀಲ ಖಣಖಣ ಎನ್ನುತ್ತಿತ್ತು. ಕಬ್ಬಿಣ! ಎಷ್ಟೋ ಯುದ್ಧಗಳನ್ನು ಕಲಿಸಿದ ಮಾಸ್ತರನಿಗೆ ಆಯುಧದ ಸದ್ದು ತಿಳಿಯದೇ? ವ್ಯಾಗನ್ನಿನ ಬಾಗಿಲನ್ನೇ ಒಡೆಯುವ ಹುನ್ನಾರ ಎಂದು ಊಹಿಸಿದೆ. ಅವನು ಕೈಹಾಕುವ ಮೊದಲೇ ಹಿಡಿದುಬಿಟ್ಟರೆ ಕೋರ್ಟೂ ತಪ್ಪುತ್ತದೆ, ನನ್ನ ಭಾಷಣವೂ ಉಳಿಯುತ್ತದೆ. ಕೊಡೆ ತೆಗೆದುಕೊಂಡು ಹಿಂಬಾಲಿಸಿದೆ.

ಬಿಸಿಲು ಇಳಿಯುತ್ತಿತ್ತು. ಮೌಲಾ ವ್ಯಾಗನ್ನುಗಳ ಆಚೆ ಮರೆಯಾದ. ಎತ್ತರದಿಂದ ನೋಡಿದರೆ ಕಂಡಾನೆಂದು ನಾನು ಅರ್ಧ ತುಂಬಿದ ಒಂದು ವ್ಯಾಗನ್ನನ್ನು ಹತ್ತಿದೆ. ಹತ್ತಿದ ಮೇಲೆ, ಅವನು ತಿರುಗಿದರೆ ನನ್ನನ್ನು ಗುರುತಿಸಿಬಿಟ್ಟಾನೆಂಬ ಅನುಮಾನ ಬಂತು. ಕಲ್ಲಿದ್ದಲು ಕಪ್ಪು, ಕೊಡೆಯೂ ಕಪ್ಪು. ಬಿಚ್ಚಿ ಅದರಡಿ ಕುಳಿತೆ.

ಎಲ್ಲಿಂದಲೋ ಒಂದು ಎಂಜಿನ್ ಬಂದು ಸಾಲಿಗೆ ಧಡ್ ಎಂದು ಗುದ್ದಿತು. ಕಾಲ ಕೆಳಗಿನ ಕಲ್ಲಿದ್ದಲು ಜಾರಿತು, ಜೊತೆಗೆ ನಾನೂ. ಕಣ್ಣು ಬಿಟ್ಟಾಗ ನನ್ನ ಅರ್ಧ ಮೈ ಎರಡು ವ್ಯಾಗನ್ನುಗಳ ನಡುವೆ ನೇತಾಡುತ್ತಿತ್ತು. ಕೆಳಗೆ ಚಕ್ರ ತಿರುಗುತ್ತಿತ್ತು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ಇಂದಿಗೂ ಎಲ್ಲಾದರೂ ರೈಲಿನ ಕೊಂಡಿಗಳ ಸದ್ದಾದರೆ ನಾನು ಮೊದಲು ನನ್ನ ಕಾಲುಗಳನ್ನು ನೋಡಿಕೊಳ್ಳುತ್ತೇನೆ.

ಯಾರೋ ನನ್ನ ಕೊರಳಪಟ್ಟಿ ಹಿಡಿದು ಮೇಲಕ್ಕೆಳೆದರು. ಇಬ್ಬರೂ ಮಗ್ಗುಲಿನ ಜಲ್ಲಿಯ ಮೇಲೆ ಬಿದ್ದೆವು. ಮೌಲಾ! ಅವನ ಅಂಗೈ ಹರಿದು ರಕ್ತ ಬರುತ್ತಿತ್ತು.

"ಮಾಸ್ತರ್, ನೀವು ಇಲ್ಲಿ ಏನ್ ಮಾಡ್ಲಿಕತ್ತೀರಿ?"

"ನಿನ್ನ ಸುಧಾರಣಾ," ಎಂದೆ.

ಅಷ್ಟರಲ್ಲಿ ಗುತ್ತಿಗೆದಾರನ ಕಾವಲುಗಾರ ನರಸಪ್ಪ ಬಂದು ಮೌಲಾನ ರಟ್ಟೆ ಹಿಡಿದ. "ವ್ಯಾಗನ್ ಮ್ಯಾಲಿಂದ ಬಿದ್ದದ್ದು ಕಣ್ಣಾರೆ ನೋಡೀನಿ. ನಡಿ ಮಗನ, ಈ ಸಲ ಚಿತ್ತಾಪುರಾನೇ."

ಠಾಣೆಯಲ್ಲಿ ಚೀಲ ಸುರಿದರು. ಉಳಿ, ಸುತ್ತಿಗೆ ಬಿದ್ದವು.

"ನೆಲಕ್ಕ ಹಾಸೋ ಪರಸಿ ಕಲ್ಲಿನ ಖಣಿಯಾಗ ಕೆಲಸ ಸಿಕ್ಕದರಿ," ಎಂದ ಮೌಲಾ. "ಕಲ್ಲಿನ ಅಂಚು ಕೆತ್ತೋದು. ಬಿಸಲು ತಂಪಾದ ಮ್ಯಾಲ ಶುರು ಆಗ್ತದ. ಮಾಸ್ತರ ಪಾಠ ಮುಗಿಯೋದ್ರಾಗ ತಡ ಆಗ್ತದಂತ ಸೈಡಿಂಗ್ ದಾಟಿ ಓಡ್ತೀನಿ."

"ನನಗ್ಯಾಕ ಹೇಳಲಿಲ್ಲೋ?"

"ನೀವು ದುಡಿಮಿ ಮಹತ್ವ ಹೇಳ್ಲಿಕತ್ತಿದ್ರಿ. ನಡುವ ಹೆಂಗ ಬಾಯಿ ಹಾಕ್ಲಿ?"

ನರಸಪ್ಪ ಮುಂದೆ ಬಂದ. "ಸಾಹೇಬ್ರ, ಈ ಹುಡುಗ ಬರೀ ಬಾಲ. ತಲಿ ಈ ಮಾಸ್ತರು. ದಿನಾ ಸಂಜಿಗಿ ಇವರ ಮನ್ಯಾಗ ಮಸಲತ್ತು ನಡೀತದ. ನಾ ಭಾಳ ದಿನದಿಂದ ಕಣ್ಣಿಟ್ಟೀನಿ."

ಫೌಜದಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನನ್ನಲ್ಲಿ ಬೆಳ್ಳಗೆ ಉಳಿದದ್ದು ಕಣ್ಣು ಮಾತ್ರ. ನಡೆದದ್ದನ್ನೆಲ್ಲ ಹೇಳಿದೆ.

"ಹುಡುಗನ್ನ ಹಿಡಿಲಿಕ್ಕಂತ ಹತ್ತಿದ್ರಿ. ಒಪ್ಪಿದೆ. ಕೊಡಿ ಯಾಕ ಬಿಚ್ಚಿದ್ರಿ?"

"ಅಡಗಲಿಕ್ಕೆ."

ನನ್ನ ಉತ್ತರ ನನ್ನ ಕಿವಿಗೇ ಕೆಟ್ಟದಾಗಿ ಕೇಳಿಸಿತು.

"ನಿಮ್ಮನ್ನ ಬಿಡ್ಬಹುದು, ಕಲಿತವ್ರು, ತಲಿ ಕೆಟ್ಟದ ಅಂತೀನಿ," ಎಂದರು ಫೌಜದಾರರು. "ಇವನ್ನ ಬಿಡಂಗಿಲ್ಲ."

"ಅವ ಹತ್ತಿದ್ದು ನನ್ನ ಜೀವ ಉಳಿಸ್ಲಿಕ್ಕರಿ. ಅವನ್ನ ಕಳಿಸೋದಿದ್ರ ಮೊದಲು ನನ್ನ ಕಳಸ್ರಿ," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ನಾನು ಕಳ್ಳರ ತಲಿ ಅನ್ನೋದಾದ್ರ ಬರ್ರಿ, ಮನಿ ಹುಡುಕ್ರಿ. ಒಂದು ಹರಳು ಕಲ್ಲಿದ್ದಲು ಸಿಕ್ರ ನೋಡ್ರಿ!"

ಬಂದರು. ಹುಡುಕಿದರು. ಅಡಿಗೆಮನೆಯ ಹಿಂದೆ ಎರಡು ಮೂಟೆ ಕಲ್ಲಿದ್ದಲು ಸಿಕ್ಕಿತು!

ಮೌಲಾನ ಮುಖ ಬಿಳಿಚಿತು. ನರಸಪ್ಪ ಮೀಸೆ ಮುಟ್ಟಿಕೊಂಡ. ನಾನು ಹೆಂಡತಿಯನ್ನು ನೋಡಿದೆ. ಮನೆಯಲ್ಲಿ ನಾನು ಸಂಶಯಪಡದೆ ಉಳಿದವಳು ಅವಳೊಬ್ಬಳೇ.

"ಶಾಂತಾ, ಇದೆಲ್ಲಿಂದ ಬಂತು?"

"ನಿಮ್ಮ ಭಾಷಣದ ಮ್ಯಾಲ ಒಲಿ ಉರೀತದ ಅನ್ಕೊಂಡಿದ್ರೇನು?" ಶಾಂತಾ ಸೆರಗಿಗೆ ಕೈ ಒರೆಸಿಕೊಂಡಳು. "ನರಸಪ್ಪನ ಮನಿಯಾಕಿ ತಂದು ಮಾರ್ತಾಳ. ಓಣಿಗೆಲ್ಲಾ ಆಕಿನೇ ಕೊಡ್ತಾಳ. ಫೌಜದಾರ್ ಸಾಹೇಬ್ರ ಮನಿಗೂ..."

ಫೌಜದಾರರಿಗೆ ಕೆಮ್ಮು ಬಂತು. ಬಹಳ ಹೊತ್ತು ಬಂತು. ಅಲ್ಲಿಯವರೆಗೆ ನರಸಪ್ಪ ಬೇವಿನ ಗಿಡದ ಎಲೆಗಳನ್ನು ನೋಡುತ್ತ ನಿಂತ.

"ಇವತ್ತು ಯಾರೂ ವ್ಯಾಗನ್ ಹತ್ತಿಲ್ಲ," ಎಂದರು ಫೌಜದಾರರು ಕೊನೆಗೆ. "ಮೌಲಾ, ನೀ ನಿನ್ನ ಕೆಲಸಕ್ಕ ಹೋಗು. ಪಾಠ ಬಂದ್." ಆಮೇಲೆ ನನ್ನತ್ತ ಬೊಟ್ಟು ಮಾಡಿ ಶಾಂತಾಗೆ ಹೇಳಿದರು: "ಅಕ್ಕಾ, ಇವ್ರನ್ನ ಒಬ್ರನ್ನೇ ಬಿಡೋದು ಚಲೋ ಅಲ್ಲ. ಮ್ಯಾಲ ಯಾರಾದ್ರೂ ನಿಗಾ ಇಡಬೇಕು."

ಶಾಂತಾ ಸುತ್ತಲೂ ನೋಡಿ, ಇದ್ದವರಲ್ಲಿ ನಂಬಿಗಸ್ತನನ್ನು ಆರಿಸಿದಳು.

ನನ್ನ ಕೊಡೆ ಆ ವ್ಯಾಗನ್ನಿನಲ್ಲೇ ಉಳಿಯಿತು. ವ್ಯಾಗನ್ ಖಾಲಿಯಾಗಿ ಚಿತ್ತಾಪುರದ ಕಡೆ ಹೋಯಿತಂತೆ. ನಮ್ಮ ಪೈಕಿ ಅಲ್ಲಿಗೆ ಹೋದದ್ದು ಅದೊಂದೇ.

ಈಗ ಸಂಜೆಗೆ ಮೌಲಾ ಖಣಿಗೆ ಹೋಗುವ ಮುನ್ನ ನಮ್ಮ ಕಿಟಕಿಯ ಹತ್ತಿರ ನಿಲ್ಲುತ್ತಾನೆ. ಚೀಲ ಖಣಖಣ ಎನ್ನುತ್ತದೆ.

"ಮಾಸ್ತರ್, ಮನ್ಯಾಗೇ ಅದೀರಿಲ್ಲ?"

"ಅದೀನಪ್ಪ."

"ಲೈನಿನ ಕಡಿ ಬರಬ್ಯಾಡ್ರಿ."

"ಹೌದಪ್ಪ," ಎನ್ನುತ್ತೇನೆ, ಸಲೀಸಾಗಿ.

ಅವನು ಹೊರಡುತ್ತಾನೆ. ಆದರೆ ತಿರುವಿನಲ್ಲಿ ನಿಂತು ಮತ್ತೊಮ್ಮೆ ಹಿಂದಿರುಗಿ ನೋಡುತ್ತಾನೆ. ಅವನಿಗೆ ನನ್ನ ಮೇಲೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.