ಮತ್ತು ಇತರರು

ಚಲುವರಾಜುವಿಗೆ ಬಂದ ಲಕೋಟೆಯನ್ನು ಮನೆ ಮಾಲೀಕ ದಾಸಯ್ಯ ಒಡೆದು ಓದಿದ್ದು ಒಂದು ತಪ್ಪು. ಓದಿದ್ದರಲ್ಲಿ ಅರ್ಧ ಪದ ಮಾತ್ರ ಅವರಿಗೆ ಅರ್ಥವಾದದ್ದು ಅದಕ್ಕಿಂತ ದೊಡ್ಡ ತಪ್ಪು. 'ಅಂತರಶಿಸ್ತೀಯ' ಎಂಬ ಪದದಲ್ಲಿ ಅವರು ಅಂತರವನ್ನು ಬಿಟ್ಟು ಶಿಸ್ತನ್ನು ಹಿಡಿದುಕೊಂಡರು. ಮೂವತ್ತೈದು ವರ್ಷ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು, ಎರಡು ಸಲ ಅಮಾನತಾಗಿ, ಎರಡು ಸಲವೂ ಅದೇ ಕುರ್ಚಿಗೆ ವಾಪಸ್ಸು ಬಂದು ಕೂತಿದ್ದ ಮನುಷ್ಯನಿಗೆ ಶಿಸ್ತು ಎಂದರೆ ಒಂದೇ ಅರ್ಥ, ಶಿಸ್ತು ಕ್ರಮ.

ಕಾಗದದ ಒಕ್ಕಣೆಯೂ ಹಾಗೇ ಇತ್ತೆನ್ನಿ. "ತಾವು ಹದಿನಾಲ್ಕನೇ ತಾರೀಖು ಮಧ್ಯಾಹ್ನ ಹನ್ನೆರಡು ಗಂಟೆಗೆ ಕಿರಂಗೂರಿನ ತರಬೇತಿ ಕೇಂದ್ರದಲ್ಲಿ ಅಂತರಶಿಸ್ತೀಯ ಸಮಿತಿಯ ಮುಂದೆ ಖುದ್ದು ಹಾಜರಾಗತಕ್ಕದ್ದು. ತಪ್ಪಿದಲ್ಲಿ ಮುಂದಿನ ಕ್ರಮ ಕೈಗೊಳ್ಳಲಾಗುವುದು." ನಮ್ಮ ಕಚೇರಿಗಳಿಗೆ ಊಟಕ್ಕೆ ಕರೆಯುವುದಿದ್ದರೂ ಹೆದರಿಸದೆ ಕರೆಯಲು ಬರುವುದಿಲ್ಲ. ನಿಜಕ್ಕೂ ಅದು ಯುವ ಸಂಶೋಧಕರ ನಾಯಕತ್ವ ಯೋಜನೆಯ ಸಂದರ್ಶನಕ್ಕೆ ಬಂದ ಕರೆ.

ಆ ಕರೆಗಾಗಿ ಚಲುವರಾಜು ಎಂಟು ತಿಂಗಳು ಕಾದಿದ್ದ. ಅವನು ಮಣ್ಣಿನ ವಿಜ್ಞಾನಿ. ನಾಗಮಂಗಲದಲ್ಲಿ ದಾಸಯ್ಯನವರ ಹಿಂದಿನ ಮನೆಯಲ್ಲಿ ಬಾಡಿಗೆಗಿದ್ದ. ಕೆಲಸ ಬಿಂಡಿಗನವಿಲೆಯ ಮಳೆಯಾಶ್ರಿತ ಹೊಲಗಳಲ್ಲಿ. ಹೊಲದಲ್ಲಿ ಕುರಿಮಂದೆ ನಿಲ್ಲಿಸಿದರೆ ಮಣ್ಣಿಗೆ ಎಷ್ಟು ಸತ್ವ ಬರುತ್ತದೆ, ಎಷ್ಟು ವರ್ಷ ಉಳಿಯುತ್ತದೆ ಎಂದು ಕೆಲಸಕ್ಕೆ ಸೇರಿದಾಗಿನಿಂದ ಬಗೆದು ನೋಡುತ್ತಿದ್ದ. ಬಗೆದವನು ಅವನು, ಬಿಸಿಲಿಗೆ ಸುಟ್ಟು ಕರಿಕಲಾದವನು ಅವನು, ಕೂತು ಬರೆದವನೂ ಅವನೇ. ಅಚ್ಚಾದಾಗ ಮಾತ್ರ ಲೇಖನದ ತಲೆಯ ಮೇಲೆ 'ರಂಗಸ್ವಾಮಿ ಮತ್ತು ಇತರರು' ಎಂದಿರುತ್ತಿತ್ತು. ಡಾಕ್ಟರ್ ರಂಗಸ್ವಾಮಿ ಅವನ ಮೇಲಧಿಕಾರಿ. ಹೊಲಕ್ಕೆ ಒಂದೇ ಒಂದು ಸಲ ಬಂದಿದ್ದರು, ಆಗಲೂ ಕಾರಿನಿಂದ ಇಳಿದಿರಲಿಲ್ಲ.

ಊರಿಗೆ ಹೋದಾಗ ಒಮ್ಮೆ ಚಲುವರಾಜು ಅಂಥದೊಂದು ಲೇಖನವನ್ನು ತಾಯಿ ಸಿದ್ದಲಿಂಗಮ್ಮನಿಗೆ ತೋರಿಸಿದ್ದ. "ನಿನ್ನೆಸ್ರು ಎಲ್ಲದೆ ಮಗ?" ಎಂದು ಆಕೆ ಕೇಳಿದಾಗ 'ಇತರರು' ಎಂಬ ಪದದ ಮೇಲೆ ಬೆರಳಿಟ್ಟು ತೋರಿಸಬೇಕಾಯಿತು. ಓದು ಬಾರದ ಆ ತಾಯಿ ಅದನ್ನೇ ಮಗನ ಹೆಸರೆಂದು ನಂಬಿ ಮೆಲ್ಲಗೆ ಸವರಿದ್ದಳು. ಅಂದಿನಿಂದ ಆ ಪದ ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಹೊಸ ಯೋಜನೆಯಲ್ಲಿ ಬೇರೆ ಬೇರೆ ಶಾಸ್ತ್ರದ ಯುವಕರು ಸೇರಿ ಒಂದು ತಂಡ, ತಂಡಕ್ಕೊಬ್ಬ ನಾಯಕ. ಆಯ್ಕೆಯಾದರೆ ಎರಡು ವರ್ಷ ಯಾವ ಸಾಹೇಬನ ಹಂಗೂ ಇಲ್ಲ, ಲೇಖನದ ತಲೆಯ ಮೇಲೆ ನಾಯಕನದೇ ಹೆಸರು. ಕೆ.ಆರ್. ಪೇಟೆಯಿಂದ ಕುರಿ ಡಾಕ್ಟರು ಮುಬಾರಕ್, ಪಾಂಡವಪುರದಿಂದ ಸಮಾಜಶಾಸ್ತ್ರದ ಮೇಘನ ಜೊತೆಗೂಡಿದ್ದರು. ಮೂವರೂ ಒಂದೇ ವರ್ಷ, ಒಂದೇ ತಿಂಗಳು ಕೆಲಸಕ್ಕೆ ಸೇರಿದವರು. ಮೂವರೂ ತಮ್ಮ ತಮ್ಮ ಕಚೇರಿಯಲ್ಲಿ 'ಇತರರು'.

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಚಲುವರಾಜು ಮಣ್ಣಿನ ಡಬ್ಬಿಗಳ ಚೀಲವನ್ನು ಹೆಗಲಿಗೇರಿಸಿ ಹೊರಗೆ ಬಂದಾಗ ಎದುರು ಮನೆ ಸೋಮಮ್ಮ ಪೊರಕೆ ಕೆಳಗಿಟ್ಟು ಹತ್ತಿರ ಬಂದಳು.

"ಎಷ್ಟು ತಿಂದ್ಯಪ್ಪಾ ಮಗ?" ಎಂದಳು ಮೆತ್ತಗೆ.

"ನಾಲ್ಕು ಇಡ್ಲಿ."

"ನಮ್ತಾವ ಯಾಕಪ್ಪ ಮುಚ್ಚುಮರೆ? ಎಲ್ಲಾರೂ ತಿಂತಾರೆ. ಸಿಕ್ಕಾಕೊಂಡಿದ್ದು ನೀನೊಬ್ನೆ."

ಬೀದಿಯುದ್ದಕ್ಕೂ ಬಾಗಿಲುಗಳಲ್ಲಿ ಮುಖಗಳಿದ್ದವು. ಎಲ್ಲ ಮುಖದ ಮೇಲೂ ಸಾವಿನ ಮನೆಗೆ ಬಂದವರ ಕಳೆ. ಚಲುವರಾಜುವಿಗೆ ಅರ್ಥವಾಯಿತು. ಪಿತ್ತ ನೆತ್ತಿಗೇರಿ ಅವನು ಸೀದಾ ದಾಸಯ್ಯನವರ ಜಗಲಿಗೆ ನುಗ್ಗಿದ. ಅವರಾಗಲೇ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಂಕುಳಲ್ಲಿ ಹಳೆಯ ಫೈಲೊಂದನ್ನು ಇಟ್ಟುಕೊಂಡು, ಚಪ್ಪಲಿ ಮೆಟ್ಟಿ ನಿಂತಿದ್ದರು.

"ಯಜಮಾನ್ರೇ, ನನ್ನ ಕಾಗದ ಯಾಕೆ ಒಡೆದ್ರಿ?"

"ನಾನ್ಯಾಕ್ಲಾ ಒಡೀಲಿ? ಅಂಟು ಬುಟ್ಕೊಂಡಿತ್ತು."

"ಅದು ಶಿಸ್ತು ಕ್ರಮ ಅಲ್ಲ. ಅಂತರಶಿಸ್ತೀಯ ಅಂದ್ರೆ ಬೇರೆ ಬೇರೆ ಶಾಸ್ತ್ರದೋರು ಒಟ್ಟಿಗೆ ಕೂತು ಕೆಲಸ ಮಾಡೋದು."

ದಾಸಯ್ಯ ಕನಿಕರದಿಂದ ತಲೆಯಾಡಿಸಿದರು. "ಅದ್ನೇ ಕಣ್ಲಾ ನಾನೂ ಏಳದು. ಒಂದೇ ಇಲಾಖೆಯೋರು ಕೂತ್ರೆ ಎಂಗೋ ಬಚಾವಾಗ್ಬೋದು. ಬ್ಯಾರೆ ಬ್ಯಾರೆ ಇಲಾಖೆಯೋರು ಒಟ್ಟಿಗೆ ಕೂತ್ರು ಅಂದ್ರೆ ಅದು ಜಂಟಿ ವಿಚಾರಣೆ. ನಂಗೂ ಎಲ್ಡನೇ ಸಲ ಅಂಗೇ ಆಗಿದ್ದು."

"ನಮ್ಮ ತಂಡಕ್ಕೆ ನಾಯಕನ್ನ ಆರಿಸ್ತಾರೆ, ಅಷ್ಟೇ."

"ಊಂ, ಮೊದ್ಲು ಅದ್ನೇ ಕೇಳದು. ನಾಯಕ ನಾನೇ ಅಂತ ಒಪ್ಕೊಂಡ್ಗಿಪ್ಕೊಂಡ್ಬುಟ್ಟೀಯ, ಉಸಾರು."

ಚಲುವರಾಜು ಕೂಗಾಡಿದ. ಕಾಗದವನ್ನು ಗಾಳಿಯಲ್ಲಿ ಆಡಿಸಿ ಪದಪದಕ್ಕೂ ಅರ್ಥ ಹೇಳಿದ. ಅವನ ದನಿ ಏರಿದಷ್ಟೂ ಬೀದಿಯ ನಂಬಿಕೆ ಗಟ್ಟಿಯಾಗುತ್ತಾ ಹೋಯಿತು. "ಪಾಪ, ತಲೆ ಕೆಟ್ಟೋಗದೆ," ಎಂದಳು ಸೋಮಮ್ಮ. ಕೋಪ ಬಂದವನ ಮಾತನ್ನು ಈ ಲೋಕದಲ್ಲಿ ಯಾರೂ ಕೇಳುವುದಿಲ್ಲ, ಅವನ ಕೋಪವನ್ನಷ್ಟೇ ನೋಡುತ್ತಾರೆ.

ಅವನು ಹತ್ತಿದ ಶ್ರೀರಂಗಪಟ್ಟಣದ ಬಸ್ಸಿಗೇ ದಾಸಯ್ಯನೂ ಹತ್ತಿದರು. "ಬ್ಯಾಡ ಅನ್ಬೇಡ. ಇಂಥಾ ಟೇಮಲ್ಲಿ ಜೊತೆಗೆ ಒಬ್ಬ ಅನುಬೋಗಸ್ಥ ಇರ್ಬೇಕು," ಎಂದು ಪಕ್ಕದಲ್ಲೇ ಕೂತರು. ಊರು ದಾಟುವಷ್ಟರಲ್ಲಿ ಕಂಡಕ್ಟರಿಗೂ ಹಿಂದುಮುಂದಿನ ಸೀಟಿನವರಿಗೂ ವಿಷಯ ತಿಳಿಯಿತು. ಯಾರೋ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಇನ್ಯಾರೋ ಕಡಲೆಕಾಯಿ ಕೊಟ್ಟರು.

"ಚೀಲ್ದಲ್ಲಿ ಏನ್ಲಾ ಅದೆ?" ಎಂದರು ದಾಸಯ್ಯ.

"ಮಣ್ಣು. ಒಂಬತ್ತು ಹೊಲದ್ದು. ಅವರಿಗೆ ತೋರಿಸೋಕೆ."

"ತೋರ್ಸಕ್ಕಾ?" ದಾಸಯ್ಯನವರ ಮುಖ ಬಿಳಿಚಿಕೊಂಡಿತು.

ಜಕ್ಕನಹಳ್ಳಿಯಲ್ಲಿ ಬಸ್ಸು ಟೀಗೆ ನಿಂತಿತು. ಮೇಘನ ಫೋನು ಮಾಡಿದ್ದರಿಂದ ಚಲುವರಾಜು ಇಳಿದು ನಾಲ್ಕು ಹೆಜ್ಜೆ ಆಚೆ ಹೋಗಿ ಮಾತಾಡಿ ಬಂದ. ಬಂದು ಚೀಲ ಎತ್ತಿದರೆ ಗಾಳಿ ತುಂಬಿದ ಹಾಗೆ ಹಗುರವಾಗಿತ್ತು. ಒಂದೊಂದೇ ಡಬ್ಬಿ ತೆರೆದು ನೋಡಿದ. ಎಲ್ಲವೂ ತೊಳೆದಿಟ್ಟಂತೆ ಖಾಲಿ.

"ಸಾಕ್ಷಿ ಯಾರಾದ್ರೂ ಜೊತೇಲಿ ಒತ್ಕೊಂಡು ಓಗ್ತಾರೇನ್ಲಾ?" ದಾಸಯ್ಯ ಅವನ ಕಿವಿಯಲ್ಲಿ ಪಿಸುಗುಟ್ಟಿದರು. "ಆ ಉಣಿಸೇಮರದ ಬುಡದಲ್ಲಿ ಸುರ್ದುಬುಟ್ಟೆ. ಯಾರೂ ನೋಡ್ನಿಲ್ಲ."

ಆ ಒಂಬತ್ತು ಹೊಲಗಳ ಒಡೆಯರ ಮನೆಬಾಗಿಲಿಗೆ ಚಲುವರಾಜು ಎಷ್ಟು ಸಲ ತಿರುಗಿದ್ದ, ಎಷ್ಟು ನಾಯಿಗಳಿಂದ ಓಡಿಸಿಕೊಂಡಿದ್ದ. ಕೆಳಗಿಳಿದು ಬಾಚಿಕೊಳ್ಳೋಣವೆಂದರೆ ಬಸ್ಸು ಹೊರಟುಬಿಟ್ಟಿತ್ತು. ಕೊಲ್ಲಬೇಕು ಅನ್ನಿಸಿತು, ಅರವತ್ತಾರು ವರ್ಷದ ಮುದುಕನನ್ನು ಎಲ್ಲಿ ಹಿಡಿದು ಕೊಲ್ಲುವುದೆಂದು ತಿಳಿಯಲಿಲ್ಲ. ಪಾಂಡವಪುರದವರೆಗೂ ಹಲ್ಲು ಕಚ್ಚಿಕೊಂಡು ಕಿಟಕಿಯ ಆಚೆ ನೋಡುತ್ತಾ ಕೂತ.

ಪಾಂಡವಪುರದಲ್ಲಿ ಮೇಘನ ಹತ್ತಿದಳು. ದಾಸಯ್ಯ ಆಕೆಗೆ ಜಾಗ ಮಾಡಿಕೊಟ್ಟು, "ನೀನೂ ಈ ಕೇಸಲ್ಲಿ ಇದ್ದೀಯೇನವ್ವ?" ಎಂದರು.

"ಹೂಂ ಸರ್. ಇದು ನನ್ನ ಮೂರನೇ ಕೇಸು," ಎಂದಳು ಆಕೆ. ಅವಳ ಶಾಸ್ತ್ರದಲ್ಲಿ ಒಂದು ಊರನ್ನು ಕೂಲಂಕಷವಾಗಿ ಅಧ್ಯಯನ ಮಾಡಿದರೆ ಅದೊಂದು ಕೇಸು. "ಈ ಸಲ ಇಡೀ ಬಿಂಡಿಗನವಿಲೇನೇ ಹಿಡ್ಕೊಂಡಿದೀನಿ."

ದಾಸಯ್ಯ ಚಲುವರಾಜುವಿನ ಕಡೆ ತಿರುಗಿ, "ಇವ್ಳ ಸವಾಸದಿಂದ್ಲೇ ನೀನು ಕೆಟ್ಟಿದ್ದು," ಎಂದರು.

ಕಿರಂಗೂರಿನ ತರಬೇತಿ ಕೇಂದ್ರದ ಬಾಗಿಲಲ್ಲಿ ಮುಬಾರಕ್ ಬೈಕಿಗೆ ಒರಗಿ ಕಾಯುತ್ತಿದ್ದ. ಚಲುವರಾಜು ಅವನನ್ನು ಪಕ್ಕಕ್ಕೆ ಎಳೆದುಕೊಂಡು ಹೋಗಿ, ಬೆಳಗಿನಿಂದ ನುಂಗಿಕೊಂಡಿದ್ದ ಬೈಗುಳವನ್ನೆಲ್ಲ ಕಾರಿಕೊಂಡ. ಮುಬಾರಕ್ ಖಾಲಿ ಡಬ್ಬಿಗಳನ್ನು ನೋಡಿ, "ಯಾ ಅಲ್ಲಾ," ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ಮೇಘನ ಇಬ್ಬರಿಗೂ ಸಮಾಧಾನ ಹೇಳುತ್ತಿದ್ದಳು. ಅಷ್ಟರಲ್ಲಿ ಬಾಗಿಲ ಬಳಿಯ ಮೇಜಿನಲ್ಲಿ ಕೂತಿದ್ದ ಗುಮಾಸ್ತ ರಿಜಿಸ್ಟರು ತೆರೆದು, "ಈ ತಂಡದ ಹೊಣೆ ಯಾರದು? ಇಲ್ಲಿ ರುಜು ಮಾಡಿ," ಎಂದ.

ಹೊಣೆ ಎಂದೊಡನೆ ದಾಸಯ್ಯನಿಗೆ ಜಾಮೀನು ನೆನಪಾಯಿತು. ತಾನು ಕಷ್ಟದಲ್ಲಿದ್ದಾಗ ಬೀದಿಯ ಒಬ್ಬನೂ ಮುಂದೆ ಬಂದಿರಲಿಲ್ಲವೆಂಬುದೂ ನೆನಪಾಯಿತು. "ನಂದೇ ಬರ್ಕಳಪ್ಪ," ಎಂದು ದುಂಡಗೆ ರುಜು ಹಾಕಿದರು.

ಒಳಗೆ ಉದ್ದನೆಯ ಮೇಜಿನ ಹಿಂದೆ ಮೂವರಿದ್ದರು. ನಡುವೆ ಕೂತಿದ್ದ ಅಧ್ಯಕ್ಷೆ ಫೈಲು ತಿರುವಿ, ಕನ್ನಡಕದ ಮೇಲಿಂದ ನೋಡಿದರು.

"ಕೆಲಸ ಚೆನ್ನಾಗಿದೆ. ಆದರೆ ನಾಯಕರಾಗುವವರು ಈ ಕ್ಷೇತ್ರಕ್ಕೆ ಬಂದು ಐದು ವರ್ಷ ದಾಟಿರಬಾರದು. ನಿಮಗೆ ಮೂವರಿಗೂ ಐದು ವರ್ಷ ಎರಡು ತಿಂಗಳಾಗಿದೆ."

"ಅರ್ಜಿ ಹಾಕಿದಾಗ ನಾಲ್ಕೂವರೆ ವರ್ಷ ಆಗಿತ್ತು ಮೇಡಂ," ಎಂದ ಚಲುವರಾಜು. "ನಿಮ್ಮ ಕಚೇರೀಲೇ ಅದು ಎಂಟು ತಿಂಗಳು ಮಲಗಿತ್ತು."

"ಇರಬಹುದು. ಇವತ್ತಿನ ತಾರೀಖೇ ಲೆಕ್ಕ. ಸದಸ್ಯರಾಗಿ ನೀವು ಇರಬಹುದು, ಆದರೆ ನಾಯಕರಿಲ್ಲದ ತಂಡವನ್ನು ನಾವು ಪರಿಗಣಿಸುವ ಹಾಗಿಲ್ಲ."

ಬೆಳಗಿನಿಂದ ಕುದಿದದ್ದು ಈಗ ಉಕ್ಕಿತು. "ಹಾಗಾದ್ರೆ ಕರೆಸಿದ್ದು ಯಾಕೆ ಮೇಡಂ? ಸಾಹೇಬ್ರ ಕೈಕೆಳಗೆ ಇರೋವಾಗ ನೀವಿನ್ನೂ ಎಳಬರು ಅಂತೀರಿ. ಸ್ವಂತಕ್ಕೆ ಏನಾದ್ರೂ ಮಾಡ್ತೀವಿ ಅಂದ್ರೆ ಆಗಲೇ ಬಲಿತೋದ್ರಿ ಅಂತೀರಿ. ನಾವು ಯಾವ ದಿನ ಸರಿಯಾದ ವಯಸ್ಸಲ್ಲಿ ಇದ್ವಿ ಅಂತ ಹೇಳಿ, ಆ ದಿನ ನೋಡ್ಕೊಂಡು ಬರ್ತೀವಿ." ಹೇಳುತ್ತಾ ಅವನು ಡಬ್ಬಿಗಳನ್ನು ಮೇಜಿನ ಮೇಲೆ ಕುಕ್ಕಿದ. ಒಂದು ಉರುಳಿಕೊಂಡು ಅಧ್ಯಕ್ಷೆಯ ಮುಂದೆ ಹೋಗಿ ನಿಂತಿತು.

"ಇದರಲ್ಲಿ ಏನೂ ಇಲ್ಲವಲ್ಲ," ಎಂದರು ಅವರು.

ಆಗ ಹಿಂದಿನ ಕುರ್ಚಿಯಿಂದ ದಾಸಯ್ಯ ಎದ್ದು ಕೈಮುಗಿದರು. "ತಾಯಿ, ಉಡ್ಗಂದು ಏನೂ ತಪ್ಪಿಲ್ಲ. ಮಣ್ಣು ಸುರ್ದೋನು ನಾನು. ಈ ಮೂರ್ ಜನುಕ್ಕೂ ಅದ್ಕೂ ಸಂಬಂದ ಇಲ್ಲ. ಏನೇ ಸಿಕ್ಸೆ ಆದ್ರೂ ನಂಗೇ ಆಗ್ಲಿ."

ಮೇಜಿನ ಹಿಂದೆ ಮೂವರೂ ಮುಖ ಮುಖ ನೋಡಿಕೊಂಡರು. ಒಬ್ಬರು ಏನೋ ಬರೆದುಕೊಂಡರು.

"ಯಾರಿವರು?"

ಗುಮಾಸ್ತ ರಿಜಿಸ್ಟರು ನೋಡಿ, "ತಂಡದ ನಾಯಕರು ಮೇಡಂ," ಎಂದ.

ಅಧ್ಯಕ್ಷೆಯ ಮುಖ ಅರಳಿತು. "ಹೇಳಿ ಸರ್, ಬೇರೆ ಬೇರೆ ವಿಭಾಗದವರನ್ನು ಒಟ್ಟಿಗೆ ಕೆಲಸ ಮಾಡಿಸಿದ ಅನುಭವ ಇದೆಯಾ?"

"ಅಯ್ಯೋ, ಇಲ್ದೆ ಏನು ತಾಯಿ. ಸರ್ವೆಯೋರು, ಕಂದಾಯದೋರು, ಪೋಲೀಸ್ನೋರು ಒಬ್ಬರ ಮೊಕ ಒಬ್ರು ನೋಡ್ತಿರ್ನಿಲ್ಲ. ಮೂರೂ ಜನಾನ ಒಂದೇ ಜೀಪ್ಗೆ ಅತ್ತಿಸಿ ಕಳುಸ್ಬುಟ್ಟೆ. ಬರಾ ಒತ್ಗೆ ಒಂದೇ ತಟ್ಟೇಲಿ ಬೋಂಡ ತಿಂತಿದ್ರು."

"ಜೀವನದಲ್ಲಿ ಸೋತದ್ದುಂಟಾ?"

"ಎಲ್ಡು ಸಲ ಸಸ್ಪೆಂಡಾಗಿದ್ದೀನಿ."

"ಅದರಿಂದ ಏನು ಕಲಿತಿರಿ?"

"ಏನೇ ಆದ್ರೂ ಕುರ್ಚಿ ಬುಡ್ಬಾರ್ದು ತಾಯಿ."

ಮೂವರೂ ಬರೆದುಕೊಂಡರು. ಅಧ್ಯಕ್ಷೆ ಕೊನೆಯದಾಗಿ, "ಈ ಸಂಶೋಧನೆಗೆ ಬಂದು ಎಷ್ಟು ವರ್ಷ ಆಯಿತು?" ಎಂದು ಕೇಳಿದರು.

"ವರ್ಸ ಎಲ್ಲಿ ಬಂತು ತಾಯಿ, ಇವತ್ತು ಬೆಳಗ್ಗೆ ಬಂದೆ."

"ಇವರಿಗೆ ಅರವತ್ತಾರು ವಯಸ್ಸು," ಎಂದ ಚಲುವರಾಜು.

"ನಿಯಮದಲ್ಲಿ ವಯಸ್ಸಿನ ಮಾತಿಲ್ಲ. ಕ್ಷೇತ್ರಕ್ಕೆ ಹೊಸಬರಾಗಿರಬೇಕು, ಅಷ್ಟೆ," ಎಂದರು ಅಧ್ಯಕ್ಷೆ. "ಇವರಷ್ಟು ಹೊಸಬರು ಇವತ್ತು ಬೇರೆ ಯಾರೂ ಬಂದಿಲ್ಲ."

ಚಲುವರಾಜು ಮತ್ತೆ ಬಾಯಿ ತೆರೆದ. ಮುಬಾರಕ್ ಅವನ ಅಂಗಿ ಜಗ್ಗಿ, "ಚುಪ್ ಕೂತ್ಕೊ ಭಾಯ್. ಇವ್ರಿಲ್ದಿದ್ರೆ ಮೂರು ಜನಾನೂ ಮನೆಗೆ," ಎಂದ. ಮೇಘನ ಕಣ್ಣಲ್ಲೇ ಬೇಡಿಕೊಂಡಳು. ಐದು ವರ್ಷದ ಕೆಲಸ ಉಳಿಯಬೇಕಿದ್ದರೆ ಕೋಪವನ್ನು ನುಂಗಬೇಕಿತ್ತು. ನುಂಗಿದ.

ನಾಲ್ಕು ಗಂಟೆಗೆ ಫಲಕದ ಮೇಲೆ ಪಟ್ಟಿ ಅಂಟಿಸಿದರು. ಆಯ್ಕೆಯಾದ ಮೊದಲ ತಂಡ: ದಾಸಯ್ಯ ಮತ್ತು ಇತರರು.

ನಾಗಮಂಗಲಕ್ಕೆ ವಾಪಸ್ಸಾದಾಗ ಬೀದಿಯೆಲ್ಲ ಬಾಗಿಲಲ್ಲೇ ಇತ್ತು. "ಏನಾಯ್ತಣ್ಣ?" ಎಂದು ಸೋಮಮ್ಮ ಓಡಿಬಂದಳು.

"ಬುಡುಸ್ಕೊಂಡು ಬಂದೆ ಕಣವ್ವ," ಎಂದರು ದಾಸಯ್ಯ, ಅಂಗಿಯ ತೋಳು ಮಡಿಸುತ್ತಾ. "ಆದ್ರೆ ಎಲ್ಡು ವರ್ಸ ನನ್ ಕೈಕೆಳ್ಗೇ ಇರ್ಬೇಕು ಅಂತ ಆರ್ಡರಾಗದೆ."

ಚಲುವರಾಜು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕೈಕಾಲು ತೊಳೆದು ಬರುವಷ್ಟರಲ್ಲಿ ಬಾಗಿಲ ಸಂದಿಯಿಂದ ಒಂದು ಹಾಳೆ ಒಳಗೆ ಬಂದು ಬಿದ್ದಿತ್ತು. ಮೂವತ್ತೈದು ವರ್ಷ ಪಳಗಿದ ಕೈಬರಹ. "ನಾಳೆ ಬೆಳಿಗ್ಗೆ ಆರು ಗಂಟೆಗೆ ಜಕ್ಕನಹಳ್ಳಿಗೆ ಖುದ್ದು ತೆರಳಿ, ಹುಣಸೆಮರದ ಬುಡದಲ್ಲಿರುವ ಮಣ್ಣನ್ನು ತುಂಬಿಕೊಂಡು ಬರತಕ್ಕದ್ದು. ತಪ್ಪಿದಲ್ಲಿ ಅಂತರಶಿಸ್ತೀಯ ಕ್ರಮ ಕೈಗೊಳ್ಳಲಾಗುವುದು."

ಕೆಳಗೆ ದಾಸಯ್ಯನವರ ದುಂಡು ರುಜು. ಅದರ ಪಕ್ಕದಲ್ಲಿ, ಕಾಗದ ಯಾರಿಗೆ ಎಂದು ಬರೆಯುವ ಜಾಗದಲ್ಲಿ, ಒಂದೇ ಪದವಿತ್ತು: ಇತರರಿಗೆ.