ದೋಣಿಯವನ ಮಾತು

ಬೆಳಿಗ್ಗೆ ಅಕ್ಕಿ ಡಬ್ಬಕ್ಕೆ ಕೈ ಹಾಕಿದ ಹೆಂಡತಿಗೆ ಅಕ್ಕಿಯ ಜೊತೆ ಒಂದು ವಿಡಿಯೋ ಕ್ಯಾಸೆಟ್ಟೂ ಸಿಕ್ಕಿತು. ಅವತ್ತಿನ ರಾಮಾಯಣ ಶುರುವಾದದ್ದು ಅಲ್ಲಿಂದ.

"ಏನ್ರೀ ಇದು? ಇದನ್ನೂ ಬೇಯಿಸ್ಲಾ?"

"ಅಯ್ಯೋ, ಮೆಲ್ಲಗೆ ಹಿಡ್ಕೊಳೇ! ಅದ್ರೊಳಗೆ ನಿಮ್ಮಪ್ಪ ಇದಾರೆ!" ಎಂದು ಕ್ಯಾಸೆಟ್ ಮಾಮ ಹಲ್ಲುಜ್ಜುವ ಬ್ರಷ್ಷಿನ ಸಮೇತ ಓಡಿ ಬಂದರು.

ಒಂದು ಕಾಲಕ್ಕೆ ಕ್ಯಾಸೆಟ್ ಬಾಡಿಗೆ ಅಂಗಡಿ ಇಟ್ಟಿದ್ದಕ್ಕೆ ಬೀದಿಯವರೆಲ್ಲ ಅವರಿಗೆ ಕೊಟ್ಟ ಹೆಸರು ಅದು. ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಮುಚ್ಚಲಿಲ್ಲ. ಅಂಗಡಿಯಿಂದ ಮನೆಗೆ ಬಂದ ಈ ಒಂದು ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಬಿಚ್ಚಿ, ಹತ್ತಿಯಲ್ಲಿ ಒರೆಸಿ, ತೇವ ಎಳೆಯಲೆಂದು ಅಕ್ಕಿಯಲ್ಲಿ ಹೂತಿಟ್ಟಿದ್ದರು.

ಒಳಗಿದ್ದದ್ದು ಒಂದು ಹಳೇ ಪಿಕ್ಚರು. ಅದರ ರೀಲುಗಳು ಯಾವತ್ತೋ ಹಾಳಾಗಿ ಹೋಗಿದ್ದವು, ಡಿಸ್ಕಿನಲ್ಲಿ ಯಾರೂ ತರಲಿಲ್ಲ. ಅದರಲ್ಲಿ ಮಾಮನ ಮಾವನವರು ದೋಣಿಯವನ ವೇಷ ಹಾಕಿ ಒಂದೇ ಒಂದು ಮಾತು ಹೇಳಿದ್ದರು: "ಕತ್ತಲಾಯ್ತು, ಇನ್ನು ದೋಣಿ ಬಿಡಲ್ಲ." ಮಾವ ಹೋದಮೇಲೆ ಅವರ ದನಿ ಅಂತ ಲೋಕದಲ್ಲಿ ಉಳಿದದ್ದು ಅಷ್ಟೇ. ಮಾವನ ಅಕ್ಕ, ಎಲ್ಲರ ಬಾಯಲ್ಲೂ ದೊಡ್ಡತ್ತೆ, ಆ ಪಿಕ್ಚರು ನೋಡಿಯೇ ಇರಲಿಲ್ಲ. ಮುದುಕಿಗೆ ಕಣ್ಣು ಮಂಜು, ಕಿವಿ ಅರ್ಧ. "ಕಣ್ಮುಚ್ಚೋದ್ರೊಳಗೆ ತಮ್ಮನ ದನಿ ಒಂದ್ಸಲ ಕೇಳ್ಬೇಕು" ಎಂದು ಅವತ್ತು ಸಂಜೆ ಬರುವವಳಿದ್ದಳು. ಅಷ್ಟರೊಳಗೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಬಿಡಬೇಕು. ಜೀರ್ಣವಾದ ಟೇಪು ಇನ್ನೊಂದು ಸಲ ಓಡಿದರೆ ಹೆಚ್ಚು.

ನಿಜ ಹೇಳಬೇಕೆಂದರೆ, ಮಾವನ ದನಿ ಅಳಿಯನಿಗೆ ಮರೆತಿದ್ದರೆ ತಾನೆ! ಇವರು ಬಾಯಿ ತೆರೆದರೆ ಸಾಕು, ಆ ಕಡೆಯಿಂದ "ಸಾಕು, ಬಾಯ್ಮುಚ್ಚಿ!" ಎಂದು ಬರುತ್ತಿತ್ತು. ಅಳಿಯ ಅಂದಮೇಲೆ ಮರ್ಯಾದೆ ಬೇಡವೇ? ಅದಕ್ಕೇ 'ಮುಚ್ಚು' ಅನ್ನುತ್ತಿರಲಿಲ್ಲ, 'ಮುಚ್ಚಿ' ಅನ್ನುತ್ತಿದ್ದರು.

ಮಗಳು ಫೋನಿನಲ್ಲೇ ಹೇಳಿಕೊಟ್ಟಂತೆ ಮಾಮ ವಯರು ಜೋಡಿಸಿದರು. ವಿಡಿಯೋ ಪೆಟ್ಟಿಗೆಯಿಂದ ಹಳದಿ ವಯರಿನಲ್ಲಿ ಚಿತ್ರ, ಕೆಂಪು ಬಿಳಿ ವಯರಿನಲ್ಲಿ ಶಬ್ದ, ಎರಡೂ ಒಂದು ಪುಟ್ಟ ಡಬ್ಬಿಗೆ ಹೋಗಿ ಅಲ್ಲಿಂದ ಕಂಪ್ಯೂಟರಿಗೆ. ನೋಡಲೆಂದು ಇನ್ನೊಂದು ಹಳದಿ ವಯರು ಟೀವಿಗೆ; ಅಲ್ಲಿ ಬರೀ ಚಿತ್ರ. ಕ್ಯಾಸೆಟ್ಟಿನಲ್ಲಿ ಅವಸರ ನಡೆಯುವುದಿಲ್ಲ. ಪಿಕ್ಚರು ಎಷ್ಟು ಹೊತ್ತೋ ಅಷ್ಟು ಹೊತ್ತೂ ಓಡಬೇಕು, ಕಾಯಬೇಕು.

ಚಿತ್ರ ಮೂಡಿದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಜನ ಬಂದರು. ಮೊದಲು ಮಹಡಿ ಮನೆಯ ಟೀಚರಮ್ಮ, ಹಿಂದೆಯೇ ಪಕ್ಕದ ಮನೆಯ ರಿಟೈರಾದ ಲೈನ್‌ಮ್ಯಾನು. ಅವರ ಹಿಂದೆ ಸುಮ್ಮನೆ ಬಂದವರು.

"ಮಾತಾಡ್ಬಹುದಾ ಮಾಮ? ರೆಕಾರ್ಡ್ ಆಗ್ಬಿಡತ್ತೇನೋ?" ಟೀಚರಮ್ಮ ಪಿಸುಗುಟ್ಟಿದರು.

"ಧಾರಾಳವಾಗಿ ಮಾತಾಡಿ," ಮಾಮ ಎದೆಯುಬ್ಬಿಸಿದರು. "ಶಬ್ದ ವಯರಲ್ಲಿ ಹೋಗತ್ತೆ, ಗಾಳೀಲಲ್ಲ. ನೀವಿಲ್ಲಿ ನಗಾರಿ ಬಾರಿಸಿದ್ರೂ ಅದಕ್ಕೆ ಗೊತ್ತಾಗಲ್ಲ."

ಕೊಡಬಾರದವರಿಗೆ ಅಪ್ಪಣೆ ಕೊಟ್ಟಂತಾಯಿತು. ಟೀಚರಮ್ಮ ಮುಂದಿನ ಕತೆಯನ್ನೆಲ್ಲ ಮೊದಲೇ ಹೇಳತೊಡಗಿದರು: "ನೋಡ್ತಿರಿ, ಈ ಮೀಸೆಯವನೇ ಕಳ್ಳ." ಒಳಗೆ ಕುಕ್ಕರು ಕೂಗಿತು. ಯಾರೋ ಸೀನಿದರು.

ಬಂದವರಿಗೆ ಚಹಾ ತರಲು ಮಾಮ ಒಳಗೆ ಹೋದರು. ಹೊರಗೆ ಬರುವಷ್ಟರಲ್ಲಿ ಟೀವಿಯಿಂದ ಹಾಡು ಕೇಳುತ್ತಿತ್ತು!

"ಮೂಕಿ ಪಿಕ್ಚರ್ ಎಷ್ಟೊತ್ತು ನೋಡೋದು ಮಾರಾಯ್ರೇ?" ಎಂದರು ಲೈನ್‌ಮ್ಯಾನು, ಊರಿಗೇ ಬೆಳಕು ಕೊಟ್ಟವರ ಗತ್ತಿನಲ್ಲಿ. "ಕೆಂಪು ಬಿಳಿ ವಯರು ಆ ಡಬ್ಬೀಲಿ ಸುಮ್ನೆ ಕೂತಿತ್ತು. ಕಿತ್ತು ಟೀವಿಗೆ ಹಾಕ್ದೆ. ಒಂದು ನಿಮಿಷದ ಕೆಲಸ."

ಮಾಮ ಚಹಾ ಅಲ್ಲೇ ನೆಲಕ್ಕಿಟ್ಟರು. ಓಡಿಹೋಗಿ ಕಂಪ್ಯೂಟರು ನೋಡಿದರು. ಚಿತ್ರ ಓಡುತ್ತಿತ್ತು. ಅದರ ಕೆಳಗೆ ಶಬ್ದ ಬರುತ್ತಿದೆಯೆಂದು ತೋರಿಸುವ ಹಸಿರು ಗೆರೆಯೂ ಕುಣಿಯುತ್ತಿತ್ತು. ಹೋದ ಜೀವ ಬಂದಂತಾಯಿತು. ಟೀಚರಮ್ಮ ನಕ್ಕಾಗ ಅದು ಇನ್ನೂ ಎತ್ತರ ಜಿಗಿಯಿತು. ಆದರೆ ಮಾಮ ಆಗ ಎಲ್ಲರ ಲೋಟ ಎಣಿಸುತ್ತಿದ್ದರು.

ಅಂತೂ ತೆರೆಯ ಮೇಲೆ ನದಿ ಬಂತು. ದೋಣಿ ಬಂತು. ಹುಟ್ಟು ಹಿಡಿದ ಮಾವನವರೂ ಬಂದರು. ಬಾಗಿಲಲ್ಲಿ ನಿಂತ ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಅಯ್ಯೋ, ನಿಮ್ಮಪ್ಪನ ಮೂಗು ಥೇಟ್ ನಿಂದೇ ಕಣೇ!" ಎಂದರು ಟೀಚರಮ್ಮ.

"ದೋಣಿ ಕಟ್ಟಿರೋ ಗಂಟು ಸರಿಯಿಲ್ಲ," ಎಂದರು ಲೈನ್‌ಮ್ಯಾನು. "ಗಾಳಿ ಬಂದ್ರೆ..."

ಮಾವನ ತುಟಿ ಅಲುಗಿತು. ಇಡೀ ದಿನ ಪಟ್ಟ ಪಾಡೆಲ್ಲ ಮಾಮನ ಗಂಟಲಿಗೆ ಬಂತು.

"ಸಾಕು, ಬಾಯ್ಮುಚ್ಚಿ!"

ಮನೆ ಗಪ್ಪಾಯಿತು. ಆದರೆ ಮಾವನವರ ಮಾತೂ ಅಷ್ಟರಲ್ಲಿ ಮುಗಿದು ದೋಣಿ ದೂರವಾಗಿತ್ತು. "ಹೋಗ್ಲಿ ಬಿಡು," ಎಂದು ಮಾಮ ಹೆಂಡತಿಗೆ ಸಮಾಧಾನ ಹೇಳಿದರು. "ಕಂಪ್ಯೂಟರಿನಲ್ಲಿ ಭದ್ರವಾಗಿದೆ. ಬೇಕಾದಷ್ಟು ಸಲ ಕೇಳ್ಬಹುದು."

ಪಿಕ್ಚರು ಮುಗಿಯಿತು, ಜನ ಎದ್ದರು. ಮಾಮನ ಬೆರಳು, ಯಾರ ಅಪ್ಪಣೆಯನ್ನೂ ಕೇಳದೆ, ಟೇಪು ಹಿಂದಕ್ಕೆ ಸುತ್ತುವ ಗುಂಡಿ ಒತ್ತಿತು. ಅಂಗಡಿಯ ಅಭ್ಯಾಸ! 'ಸುತ್ತಿ ಕೊಡದಿದ್ದರೆ ದಂಡ' ಎಂದು ಬೋರ್ಡು ಬರೆಸಿದ್ದವರೇ ಅವರು. ಪೆಟ್ಟಿಗೆ ಒಂದು ಸಲ ನರಳಿತು. ಆಮೇಲೆ ಹಸಿದ ಎಮ್ಮೆ ಹುಲ್ಲು ಮೆಲ್ಲುವ ಹಾಗೆ ಟೇಪನ್ನು ಮೆದ್ದು, ಬಾಯಿಯಲ್ಲಿ ನಾಲ್ಕು ಎಳೆ ಜೋತುಬಿಟ್ಟುಕೊಂಡು ಸುಮ್ಮನಾಯಿತು.

"ಹೋದ್ರೆ ಹೋಗ್ಲಿ, ಇಳಿಸಿಯಾಯ್ತಲ್ಲ," ಎನ್ನುತ್ತಾ ಕಂಪ್ಯೂಟರಿನಲ್ಲಿ ಪಿಕ್ಚರು ಹಾಕಿದರು. ಪೀಠಿಕೆಯೆಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ನಾಯಕಿ ಬಾಯಿ ತೆರೆದಳು.

"ನೋಡ್ತಿರಿ, ಈ ಹುಡುಗಿ ಇವನನ್ನ ಮದ್ವೆ ಆಗಲ್ಲ," ಎಂದಿತು ಟೀಚರಮ್ಮನ ದನಿ. ಹಾಡು ಎಲ್ಲೋ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ನಾಯಕ ಅಳುವಾಗ ಕುಕ್ಕರು ಕೂಗಿತು.

ಮಗಳಿಗೆ ಫೋನು ಹೋಯಿತು. "ಅಪ್ಪಾ, ಕಂಪ್ಯೂಟರಿಗೆ ತನ್ನದೇ ಒಂದು ಕಿವಿ ಇರತ್ತೆ, ಮೈಕು. ವಯರಿನ ಜೊತೆ ಅದೂ ತೆರೆದಿತ್ತು ಅನ್ಸತ್ತೆ. ಮನೇಲಿ ಆಡಿದ್ದೆಲ್ಲ ಅದಕ್ಕೆ ಕೇಳ್ಸಿದೆ."

ಮಾಮ ಪಿಕ್ಚರನ್ನು ನದಿಯವರೆಗೆ ಓಡಿಸಿದರು. ಮಾವನವರು ಹುಟ್ಟು ಎತ್ತಿ, ಹುಬ್ಬು ಗಂಟಿಕ್ಕಿ, ಬಾಯಿ ತೆರೆದರು.

"ಸಾಕು, ಬಾಯ್ಮುಚ್ಚಿ!"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಮಾತು ಆಡಿದರೆ ಹೋಯ್ತು ಅಂತಾರೆ," ಎಂದಳು ಹೆಂಡತಿ. "ನಿಮ್ಮದು ಹೋಗ್ಲೂ ಇಲ್ವಲ್ರೀ. ಅಪ್ಪನ ಬಾಯಲ್ಲೇ ಹೋಗಿ ಕೂತಿದೆ."

ಅಷ್ಟರಲ್ಲಿ ಹೊರಗೆ ಆಟೋ ನಿಂತಿತು. ಕೋಲು ಊರಿಕೊಂಡು ದೊಡ್ಡತ್ತೆ ಬಂದೇಬಿಟ್ಟಳು. ಕುರ್ಚಿ ಕಂಪ್ಯೂಟರಿನ ಹತ್ತಿರಕ್ಕೆ ಎಳೆಸಿ, ಕಿವಿಯ ಮೆಷಿನ್ನು ತಿರುಪಿ, "ಎಲ್ಲಿ, ನನ್ನ ತಮ್ಮನ್ನ ತೋರ್ಸಿ," ಎಂದಳು. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಮಾಮ ಹಾಕಿದರು.

ನದಿ ಬಂತು. ದೋಣಿ ಬಂತು. "ಸಾಕು, ಬಾಯ್ಮುಚ್ಚಿ!"

ದೊಡ್ಡತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ಅಯ್ಯೋ ನನ್ನಪ್ಪಾ! ಅವನೇ ಕಣೇ, ಅದೇ ಗತ್ತು, ಅದೇ ಗಂಟಲು! ಏನೋ ದೋಣಿ ಬಿಡಲ್ಲ ಅಂತಾನೆ ಅಂದಿದ್ರಲ್ಲ? ಅದ್ಯಾರೋ ಬರ್ಕೊಟ್ಟ ಮಾತಿರ್ಬೇಕು. ಇದು ಅವನದೇ ಮಾತು. ಇನ್ನೊಂದ್ಸಲ ಹಾಕಿ."

ಇನ್ನೊಂದು ಸಲ ಹಾಕಿದರು. ಮತ್ತೂ ಹಾಕಿದರು. ದೊಡ್ಡತ್ತೆ ಮಗುವಿನ ಹಾಗೆ ನಗುತ್ತಿದ್ದಳು. ಬಾಗಿಲಲ್ಲಿ ಹೆಂಡತಿಯೂ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. "ನೆಂಟರಿಗೆಲ್ಲ ಒಂದೊಂದು ಕಳ್ಸಿ ಅಳಿಯಂದ್ರೇ. ಮದ್ವೆ ಮುಂಜಿ ಏನಿದ್ರೂ ಮೊದ್ಲು ಇದನ್ನ ಹಾಕ್ಬೇಕು," ಎಂದು ಅಪ್ಪಣೆಯೂ ಆಯಿತು.

ಮಾಮನಿಗೆ ತಡೆಯಲಿಲ್ಲ. ಮುದುಕಿಗೆ ಸುಳ್ಳು ಹೇಳಬಾರದು. ಗಂಟಲು ಸರಿಮಾಡಿಕೊಂಡು, "ದೊಡ್ಡತ್ತೆ, ಅದು ಮಾವನ ದನಿ ಅಲ್ಲ, ಅದು..." ಎಂದು ಬಾಯಿ ತೆರೆದರು.

ದೊಡ್ಡತ್ತೆ ತೆರೆಯಿಂದ ಕಣ್ಣು ಕೀಳದೆ ಕೋಲೆತ್ತಿದಳು.

"ಸಾಕು, ಬಾಯ್ಮುಚ್ಚಿ! ನನ್ನ ತಮ್ಮ ಮಾತಾಡ್ತಿದಾನೆ."