ಕಂಪನಿಯ ಒಲೆ

ನಾಟಕ ಕಂಪನಿಯಲ್ಲಿ ಬದುಕಿದವನು ಪ್ರಸಂಗ ಹುಡುಕಿಕೊಂಡು ಹೋಗಬೇಕಿಲ್ಲ. ಪರದೆಯ ಮುಂದೆ ಒಂದು ನಡೆದರೆ ಹಿಂದೆ ಎರಡು ನಡೆದಿರುತ್ತವೆ.

ಬೋರ್ಡಿನ ಅರ್ಥ

ಹೊಸಪೇಟೆ ಕ್ಯಾಂಪಿನಲ್ಲಿ ಹಾರ್ಮೋನಿಯಂ ನುಡಿಸಲು ಸೇರಿದ ದಿನವೇ ಮಾಲೀಕರನ್ನು ಕೇಳಿದೆ: "ಕಂಪನಿ ನಾಟಕ ಅಂತ ಯಾಕಂತಾರ್ರಿ?"

"ಇಂಗ್ಲಿಷರ ಕಾಲದಾಗ ಪಾರ್ಸಿ ಮಂದಿ ಊರೂರಿಗೆ ಬಂದು ಟಿಕೆಟ್ ಇಟ್ಟು ಆಡ್ತಿದ್ರು. ಮಾಲೀಕ, ಪಗಾರ, ಎಲ್ಲಾ ವ್ಯಾಪಾರದ ಪದ್ಧತಿ. ಅದಕ್ಕ ಕಂಪನಿ ಅಂತ ಕರಕೊಂಡ್ರು. ಅವರನ್ನ ನೋಡಿ ನಮ್ಮವರೂ ಕಟ್ಟಿದ್ರು. ಇದು ಬೋರ್ಡಿನ ಮ್ಯಾಲಿನ ಅರ್ಥ. ಒಳಗಿಂದು ಬೇಕಂದ್ರ ತಾಟು ತಗೊಂಡು ಒಲಿ ಹತ್ರ ಹೋಗು."

ಒಲೆಯ ಮುಂದೆ, ನಾಟಕದಲ್ಲಿ ತಾಯಿ ಪಾತ್ರ ಮಾಡುವ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎಲ್ಲರೂ ಕೂರುವವರೆಗೆ ಯಾರಿಗೂ ಬಡಿಸುವುದಿಲ್ಲ ಎಂಬುದು ಅವಳ ಕಟ್ಟಳೆ. ರಾಜ ಇನ್ನೂ ಅಂಟಿಸಿದ ಮೀಸೆ ಕೀಳುತ್ತಿದ್ದ. ಮಂತ್ರಿ, ದ್ವಾರಪಾಲಕ, ನಾನು ಖಾಲಿ ತಾಟು ಹಿಡಿದು ಕಾದೆವು. ಕೂಡಿ ಉಂಡರೇ ಕಂಪನಿ ಎಂಬ ಅರ್ಥ ನೇರ ಹೊಟ್ಟೆಗೇ ತಿಳಿಯಿತು.

ಸಾಯದ ಖಳನಾಯಕ

ಸಂಡೂರಿನಲ್ಲಿ ಹೀರೊಗೂ ಖಳನಾಯಕನಿಗೂ ಮಾತು ನಿಂತಿತ್ತು. ಖಳನಾಯಕ ಊಟಕ್ಕೆ ಬರುವುದಿಲ್ಲವೆಂದು ಹಟ ಹಿಡಿದಿದ್ದ. ಅವನು ಬಾರದಿದ್ದರೆ ನಮಗೆಲ್ಲ ಉಪವಾಸ.

ಕೊನೆಯ ದೃಶ್ಯ. ಹೀರೊ ಕತ್ತಿ ತಿವಿದ. ಖಳನಾಯಕ ನಿಂತೇ ಇದ್ದ. ಕಾಲರ್ ಮೈಕು ಇಬ್ಬರ ಪಿಸುಮಾತನ್ನೂ ಊರಿಗೆಲ್ಲ ಕೇಳಿಸಿತು.

"ಲೇ, ಬೀಳು, ಮಂದಿ ನೋಡಾಕತ್ತಾರ."

"ಮೊದ್ಲು ಕ್ಷಮಾ ಕೇಳು, ಆಮ್ಯಾಲ ಸಾಯ್ತೀನಿ."

ಮುಂದಿನ ಸಾಲಿನಲ್ಲೊಬ್ಬ ಎದ್ದು ನಿಂತ: "ಕೇಳಿಬಿಡಪಾ! ತೋರಣಗಲ್ಲ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗ್ಬೇಕು, ಬಸ್ ಹೊಂಟೈತಿ!"

ಹೀರೊ ಕ್ಷಮೆ ಕೇಳಿದ. ಖಳನಾಯಕ ಸಮಾಧಾನದಿಂದ ಸತ್ತ.

ಮುಚ್ಚಿದ ಕಂಪನಿ

ಕಂಪ್ಲಿಯಲ್ಲಿ ಬೆಂಚುಗಳು ದಿನದಿನಕ್ಕೂ ಖಾಲಿಯಾದವು. ಒಂದು ಸಂಜೆ ಮಾಲೀಕರು ತಲೆ ಎತ್ತದೆಯೇ ಹೇಳಿದರು: "ಇವತ್ತಿಗೆ ಕಂಪನಿ ಮುಗೀತು. ನಿಮ್ಮ ನಿಮ್ಮ ದಾರಿ ನೋಡ್ಕೊಳ್ರಿ."

ನಮಗೆ ದಾರಿಯೆಂದರೆ ಮುಂದಿನ ಕ್ಯಾಂಪು, ಮನೆಯೆಂದರೆ ಆ ಒಲೆ. ಹೀರೊ ಅತ್ತ. ಖಳನಾಯಕ ಅವನಿಗಿಂತ ಜೋರಾಗಿ ಅತ್ತ. ನನಗೂ ತಡೆಯಲಾಗಲಿಲ್ಲ.

ಬೆಳಗಾದರೂ ಯಾರೂ ಗಂಟು ಕಟ್ಟಿರಲಿಲ್ಲ. ಒಲೆಯ ಹೊಗೆ ಕಂಡು ಮಾಲೀಕರು ಧಾವಿಸಿ ಬಂದರು. "ಕಂಪನಿ ಮುಚ್ಚೇನಂತ ಹೇಳ್ಲಿಲ್ಲೇನು?"

ಅವ್ವ ತಿರುಗಿಯೂ ನೋಡಲಿಲ್ಲ. "ನೀವು ಮುಚ್ಚಿದ್ದು ಪರದೆ. ಒಲಿ ನಂದು. ಎಲ್ಲಾರೂ ಕುಂತಾರ, ನೀವೊಬ್ರ ನಿಂತೀರಿ. ಜಲ್ದಿ ಕುಂದ್ರಿ, ರೊಟ್ಟಿ ಆರ್ತಾವ."

ಮಾಲೀಕರು ನಮ್ಮ ಖಾಲಿ ತಾಟುಗಳನ್ನು ನೋಡಿದರು. ಮೆಲ್ಲಗೆ ಕೂತು ತಾಟು ಚಾಚಿದರು.

ಖಳನಾಯಕ ಆ ತಾಟಿಗೆ ಕೈ ಅಡ್ಡ ಹಿಡಿದ: "ಮೊದ್ಲು ಕ್ಷಮಾ ಕೇಳ್ರಿ, ಆಮ್ಯಾಲ ಉಣ್ರಿ."

ಕೇಳಿದರು. ಸಂಜೆ ನಾಟಕ ಶುರುವಾಗುವ ಮೂರನೇ ಬೆಲ್ ಕೂಡ ಅವರೇ ಹೊಡೆದರು.